ತೂಕ ಇಳೀತು, ತೊಗಲು ಜೋತುಬಿತ್ತು: ಆಪರೇಷನ್ ಯಾವಾಗ, ಎಷ್ಟು, ಆಮ್ಯಾಲೇನು?

ಅಪ್ಪನಕೆರಿ ದಂಡಿ, ಕಲಬುರಗಿ
ವಯಸ್ಸು 38, ಹೆಣ್ಮಗಳು, ಎತ್ತರ 157 ಸೆಂ.ಮೀ. ಹೊಟ್ಟಿ ಸಣ್ಣ ಮಾಡೋ ಸ್ಲೀವ್ ಆಪರೇಷನ್ ಆಗಿ 14 ತಿಂಗಳಾತು. 112 ಕೆಜಿ ಇದ್ದದ್ದು 69ಕ್ಕ ಬಂದದ. ಮೂರು ತಿಂಗಳಿಂದ 69-70ರಾಗ ನಿಂತದ. ಶುಗರ್ ಗುಳಿಗಿ ಬಂದ್ ಆಗ್ಯಾವ. ಈಗಿನ ತ್ರಾಸು ಅಂದ್ರ ತೊಗಲು. ಕೆಳಹೊಟ್ಟಿ ತೊಡಿ ಮ್ಯಾಲ ಜೋತು ಬಿದ್ದದ, ಸಂದ್ಯಾಗ ಕೆಂಪಾಗಿ ಉರೀತದ, ವಾಸನಿ ಬರ್ತದ, ನೀರು ಒಸರ್ತದ. ರಟ್ಟಿ ತೊಗಲೂ ಇಳಿಬಿದ್ದದ.
ವಾಟ್ಸಾಪ್‌ನ್ಯಾಗ ಒಂದು ಜಾಹೀರಾತು ತಿರುಗ್ಯಾಡಕತ್ತದ: ಹೊಟ್ಟಿ, ರಟ್ಟಿ, ತೊಡಿ, ಎದಿ ನಾಲ್ಕೂ ಒಂದೇ ದಿನ, ಮೂರನೇ ದಿನಕ್ಕ ಮನಿಗಿ, ಪ್ಯಾಕೇಜ್ ದರ. ಇದು ಆಗೋ ಮಾತೇನ್ರಿ? ಗೊತ್ತಿದ್ದವರು ಬಿಡಿಸಿ ಹೇಳ್ರಿ.

ಶಹಾಬಾದಿ ಕಲ್ಲು
ನಾಲ್ಕೂ ಒಂದೇ ದಿನ ಅನ್ನೋರ ಕಡಿ ಹೋಗಬ್ಯಾಡ್ರಿ. 

ಗಜ್ಜುಗ
ಆಪರೇಷನ್ ಯಾಕ ಬೇಕ್ರಿ? ಒಂದು ವರ್ಷ ಜಿಮ್ ಮಾಡಿ, ರಾತ್ರಿ ಎಣ್ಣಿ ತಿಕ್ಕಿ ಬೆಲ್ಟ್ ಕಟ್ಟಿದ್ರ ತೊಗಲು ಬಿಗಿ ಆಗ್ತದ.

ಮಹಾಗಾಂವ್ ಕ್ರಾಸ್
ಆಗಂಗಿಲ್ಲ ಅಣ್ಣಾರ. ಜಿಮ್‌ದಾಗ ಬೆಳೆಯೋದು ಸ್ನಾಯು. ವರ್ಷಗಟ್ಟಲೆ ಹಿಗ್ಗಿದ ತೊಗಲಿನಾಗ ಇಲಾಸ್ಟಿನ್, ಕೊಲಾಜನ್ ಎಳಿಗಳೇ ಹರದಿರ್ತಾವ. ಸಡಿಲಾದ ಇಲಾಸ್ಟಿಕ್ ತಿರುಗಿ ಬಿಗಿ ಆಗ್ತದೇನ್ರಿ? 10-15 ಕೆಜಿ ಇಳಿದ ಹರೇದವರಿಗೆ ತೊಗಲು ಸ್ವಲ್ಪ ಕೂಡ್ಕೋತದ, ಅದು ಬ್ಯಾರೆ. 40 ಕೆಜಿ ಇಳಿದು ತೊಗಲು ತೊಡಿ ಮ್ಯಾಲ ಬಿದ್ದಿದ್ದಕ್ಕ ಎಣ್ಣಿ, ಬೆಲ್ಟ್, ರೇಡಿಯೋ ತರಂಗದ ಮಷೀನು ಯಾವುದೂ ನಡೆಯಂಗಿಲ್ಲ. ಕತ್ತರಿಸಿ ತೆಗೆಯೋದೊಂದೇ ದಾರಿ. ಆದ್ರ ವ್ಯಾಯಾಮ ಬಿಡಬ್ಯಾಡ್ರಿ, ಆಪರೇಷನ್ ಆದ ಮ್ಯಾಲ ಏಳಾಕ, ನಡೀಲಾಕ ಅದೇ ಬಲ.
ಇನ್ನೊಂದು ಮಾತು, ತೆಗೆದ ತೊಗಲಿನ ತೂಕ ಭಾಳ ಸಲ ಎರಡರಿಂದ ಐದು ಕೆಜಿ ಅಷ್ಟೇ. ಇದು ತೂಕ ಇಳಿಸೋ ಆಪರೇಷನ್ ಅಲ್ಲ. ಹಂಗಂತ ತಿಳ್ಕೊಂಡು ಹೋದವರಿಗೆ ಕಡೀಕ ಬ್ಯಾಸರ ಆಗ್ತದ.

ಬೀದರ್ ಕೋಟೆ
ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳೋಣ. ಬಿಲ್ಲು ಮತ್ತು ವಿಮೆ ಎರಡೂ ಈ ಹೆಸರುಗಳ ಮೇಲೆಯೇ ನಿಂತಿವೆ.
ಪ್ಯಾನಿಕ್ಯುಲೆಕ್ಟಮಿ ಎಂದರೆ ಜೋತುಬಿದ್ದ ಮಡಿಕೆಯನ್ನಷ್ಟೇ ಕತ್ತರಿಸಿ ಹೊಲಿಯುವುದು. ಸ್ನಾಯು ಮುಟ್ಟುವುದಿಲ್ಲ, ಮೇಲ್ಹೊಟ್ಟೆಯ ಚರ್ಮ ಬಿಡಿಸುವುದೂ ಕಡಿಮೆ. ಹುಣ್ಣು, ವಾಸನೆ, ನಡಿಗೆಯ ತೊಂದರೆ ಹೋಗುತ್ತದೆ, ಆದರೆ ಹೊಟ್ಟೆ ಚಪ್ಪಟೆಯಾಗುವುದಿಲ್ಲ. ಅಬ್ಡಾಮಿನೋಪ್ಲಾಸ್ಟಿ, ಜನ ಟಮ್ಮಿ ಟಕ್ ಅನ್ನುವುದು, ಇದಕ್ಕಿಂತ ದೊಡ್ಡದು. ಚರ್ಮವನ್ನು ಪಕ್ಕೆಲುಬಿನವರೆಗೆ ಬಿಡಿಸಿ, ಬಸಿರು ಅಥವಾ ಬೊಜ್ಜಿನಿಂದ ಅಗಲಿದ ಎರಡು ನೆಟ್ಟನೆ ಸ್ನಾಯುಗಳನ್ನು ನಡುಗೆರೆಯಲ್ಲಿ ಹೊಲಿದು, ಚರ್ಮ ಕೆಳಗೆಳೆದು, ಹೊಕ್ಕುಳಕ್ಕೆ ಹೊಸ ಜಾಗ ಮಾಡುತ್ತಾರೆ.
ತುಂಬಾ ತೂಕ ಇಳಿದವರಲ್ಲಿ ಚರ್ಮ ಮೇಲೆ-ಕೆಳಗೆ ಮಾತ್ರವಲ್ಲ, ಅಡ್ಡಡ್ಡಲೂ ಹೆಚ್ಚಿರುತ್ತದೆ. ಅವರಿಗೆ ಫ್ಲರ್-ಡಿ-ಲೀ ಎಂಬ ವಿಧಾನವಿದೆ, ಅಡ್ಡ ಗಾಯದ ಜೊತೆ ನಡುವೆ ಒಂದು ಉದ್ದ ಗಾಯ, ತಲೆಕೆಳಗಾದ ಇಂಗ್ಲಿಷ್ ಟಿ ಅಕ್ಷರದ ಹಾಗೆ. ಸೊಂಟ ಚೆನ್ನಾಗಿ ಬರುತ್ತದೆ. ಎರಡು ಗೆರೆ ಸೇರುವ ಮೂಲೆಗೆ ರಕ್ತ ಕಡಿಮೆ, ಆದ್ದರಿಂದ ಹೊಲಿಗೆ ಬಿಚ್ಚುವುದೂ ಹೆಚ್ಚಾಗಿ ಅಲ್ಲೇ. ಬೆನ್ನು, ಪಿರ್ರೆ ಕೂಡ ಇಳಿಬಿದ್ದಿದ್ದರೆ ಸುತ್ತಲೂ ಸೊಂಟಪಟ್ಟಿಯಂತೆ ತೆಗೆಯುವ ಬೆಲ್ಟ್ ಲಿಪೆಕ್ಟಮಿ. ಚರ್ಮದಡಿಯ ಗಟ್ಟಿ ಪೊರೆಯನ್ನು ಹಿಡಿದು ಹೊಲಿಯಬೇಕು, ಭಾರ ಮೇಲ್ಚರ್ಮದ ಮೇಲೆ ಬೀಳಬಾರದು ಎಂಬುದನ್ನು ಅಮೆರಿಕದ ಸರ್ಜನ್ ಟೆಡ್ ಲಾಕ್‌ವುಡ್ 1991ರಲ್ಲಿ ಬರೆದರು. ಇವತ್ತಿಗೂ ಗಾಯ ಅಗಲವಾಗದಿರಲು ಅದೇ ಉಪಾಯ.
ಕೇಳಲೇಬೇಕಾದ ಪ್ರಶ್ನೆ: ಹೊಟ್ಟೆಯ ಮೇಲೆ ಹಳೆಯ ಗಾಯ ಇದೆಯೇ? ಪಿತ್ತಕೋಶದ ತೆರೆದ ಆಪರೇಷನ್ನಿನ ಗಾಯ ಬಲಪಕ್ಕೆಯ ಕೆಳಗೆ ಓರೆಯಾಗಿ ಇರುತ್ತದೆ. ಅದು ಮೇಲಿನಿಂದ ಇಳಿಯುವ ರಕ್ತನಾಳಗಳನ್ನು ಮೊದಲೇ ಕಡಿದಿರುತ್ತದೆ. ಅಲ್ಲಿ ಅಗಲವಾಗಿ ಬಿಡಿಸಿದರೆ ಗಾಯದ ಕೆಳಗಿನ ಚರ್ಮ ಕಪ್ಪಾಗಿ ಸಾಯಬಹುದು. ಹೊಕ್ಕುಳಲ್ಲಿ ಹರ್ನಿಯಾ ರಿಪೇರಿಯಾಗಿದ್ದರೂ ಹೇಳಬೇಕು, ಹೊಕ್ಕುಳ ಬುಡದ ರಕ್ತ ಅಲ್ಲಿಂದಲೇ ಬರುತ್ತದೆ.

ಅಪ್ಪನಕೆರಿ ದಂಡಿ
ಹಳೇ ಗಾಯ ದುರ್ಬೀನಿನ ತೂತುಗಳು ಅಷ್ಟೇ ಅವ್ರಿ. ಎರಡು ಹೆರಿಗಿ, ಎರಡೂ ಸಾದಾ.

ಮಹಾಗಾಂವ್ ಕ್ರಾಸ್
ಹಂಗಾದ್ರ ಛಲೋ. ಈಗ ಸಮಯದ ಲೆಕ್ಕ. ತೂಕ ಇಳಿಸೋ ಆಪರೇಷನ್ ಆಗಿ ಕಮ್ಮಿ ಅಂದ್ರ 12ರಿಂದ 18 ತಿಂಗಳು ಆಗಿರಬೇಕು, ಕಡೀ ಆರು ತಿಂಗಳು ತೂಕ ಅಲುಗಾಡಿರಬಾರದು. ಯಾಕಂದ್ರ ಕತ್ತರಿಸಿದ ಮ್ಯಾಲ ಮತ್ತ 10 ಕೆಜಿ ಇಳಿದ್ರ ತೊಗಲು ಮತ್ತ ಸಡಿಲು, ಏರಿದ್ರ ಗಾಯ ಅಗಲ. ನಿಮ್ಮ ಲೆಕ್ಕದಾಗ ಬಿಎಂಐ (ಎತ್ತರಕ್ಕ ತಕ್ಕ ತೂಕದ ಅಳತಿ) 28 ಬರ್ತದ. 30ರ ಒಳಗ ಅದ, ಒಳ್ಳೇದು. 35 ದಾಟಿದ್ರ ಗಾಯ ಬಿಚ್ಚೋದು, ನೀರು ತುಂಬೋದು, ರಕ್ತ ಹೆಪ್ಪುಗಟ್ಟೋದು ಎಲ್ಲಾ ಹೆಚ್ಚು. ಮೂರು ತಿಂಗಳು ಆಗ್ಯಾವ, ಇನ್ನ ಮೂರು ತಿಂಗಳು ತಡೀರಿ. ಮುಂದ ಮಕ್ಕಳು ಬೇಕು ಅನ್ನೋರಿದ್ರ ಹೆರಿಗಿ ಮುಗಿಸಿ ಮಾಡಿಸೋದೇ ಸರಿ, ಬಸಿರಾದ್ರ ಹೊಲಿದ ಸ್ನಾಯು ಮತ್ತ ಅಗಲ್ತದ.

ಭೀಮಾ ದಂಡೆ, ಯಾದಗಿರಿ
ಎಲ್ಲರೂ ಒಂದೇ ದಿನ ಬ್ಯಾಡ ಅಂತೀರಿ. ಆದ್ರ ಎರಡು ಸಲ ಮೈಮರೆಸೋದು, ಎರಡು ಸಲ ರಜಾ, ಎರಡು ಸಲ ಖರ್ಚು. ದೊಡ್ಡ ದವಾಖಾನಿಯಾಗ ಇಬ್ಬರು ಸರ್ಜನ್ ಕೂಡಿ ಮಾಡಂಗಿಲ್ಲೇನು? ಮಾಡ್ತಾರ. ಜಾಹೀರಾತು ಅಂತ ಎಲ್ಲಾನೂ ಸುಳ್ಳು ಅನಬ್ಯಾಡ್ರಿ.

ಹೊಲಿಗಿ ಕೋಣಿ
ಅಣ್ಣಾರ, ನಿಮ್ಮ ಮಾತು ಅರ್ಧ ಖರೇ ಅದ. ಎರಡು ತಂಡ ಇದ್ರ ಹೊಟ್ಟಿ ಜೊತಿ ರಟ್ಟಿ ಮಾಡಬಹುದು, ಮಾಡ್ತಾರ. ಗಡಿಯಾರ ನೋಡಬೇಕು, ಆರು ತಾಸಿನ ಒಳಗ ಮುಗೀಬೇಕು. ಅದಕ್ಕಿಂತ ಹೆಚ್ಚಾದ್ರ ಮೈ ತಣ್ಣಗಾಗ್ತದ, ರಕ್ತ ಹೋಗ್ತದ, ಕಾಲಿನ ನಾಳದಾಗ ಹೆಪ್ಪುಗಟ್ಟೋ ಅಪಾಯ ತಾಸಿಗೊಂದು ಏರ್ತದ.
ಆದ್ರ ಹೊಟ್ಟಿ ಮತ್ತ ಒಳತೊಡಿ ಒಂದೇ ದಿನ ಅಂದ್ರ ಎರಡೂ ಗಾಯ ಒಂದಕ್ಕೊಂದು ಎದುರು ಜಗ್ಗತಾವ, ಸಂದಿ ಹತ್ರದ ಹೊಲಿಗಿ ಕೆಳಗ ಸರೀತದ. ರಟ್ಟಿ ಮತ್ತ ತೊಡಿ ಕೂಡಿ ಮಾಡಿದ್ರ ಮಂದಿ ಏಳಾಕ ಕೈನೂ ಊರಂಗಿಲ್ಲ, ಕಾಲೂ ಊರಂಗಿಲ್ಲ. ನಾಲ್ಕೂ ಕೂಡಿ ಮಾಡಿ ಮೂರನೇ ದಿನ ಮನಿಗಿ ಕಳಿಸಿದ್ರ ಡ್ರೈನ್ (ಗಾಯದೊಳಗಿನ ನೀರು ಹೊರಗ ಎಳೆಯೋ ನಳಿಗಿ) ನೋಡೋರು ಯಾರು? ಎರಡು ಹಂತದ ನಡುವ ಮೂರು ತಿಂಗಳು ಅಂತರ ಇರಲಿ. ತ್ರಾಸು ಹೊಟ್ಟೀದು ಹೆಚ್ಚು ಅಂದ್ರ ಮೊದಲು ಹೊಟ್ಟಿ.

ಭೀಮಾ ದಂಡೆ, ಯಾದಗಿರಿ
ತೊಡಿ ಮಾತು ಗೊತ್ತಿರಲಿಲ್ಲ. ಒಪ್ಪಿದೆ.

ತೊಗರಿ ಕಣಜ
ಗಾಯ ಕೂಡೋದು ದಾರದಿಂದ ಅಲ್ಲ, ಪ್ರೋಟೀನಿನಿಂದ. ಸ್ಲೀವ್ ಆದವರ ಹೊಟ್ಟಿ ಸಣ್ಣದು, ಒಂದು ರೊಟ್ಟಿ ತಿಂದ್ರ ತುಂಬ್ತದ, ಬ್ಯಾಳಿಗೆ ಜಾಗಾನೇ ಉಳಿಯಂಗಿಲ್ಲ. ಆಪರೇಷನ್ ಎರಡು ತಿಂಗಳು ಮುಂಚೆ ಕೆಜಿಗೆ 1.2ರಿಂದ 1.5 ಗ್ರಾಂ, ಅಂದ್ರ ಇವರಿಗೆ ದಿನಕ್ಕ 80ರಿಂದ 100 ಗ್ರಾಂ ಪ್ರೋಟೀನ್ ಬೇಕು. ಲೆಕ್ಕ ಹಾಕ್ರಿ: ನಮ್ಮ ತೊಗರಿ ಬ್ಯಾಳಿ ಒಣದು 100 ಗ್ರಾಂನಾಗ 22 ಗ್ರಾಂ, ಶೇಂಗಾ 100ಕ್ಕ 25, ಒಂದು ತತ್ತಿ 6, ಪಾವು ಲೀಟರ್ ಹಾಲು 8, ಪನೀರ್ 100 ಗ್ರಾಂಗೆ 18 ಹತ್ರ. ಸಣ್ಣ ಹೊಟ್ಟಿಗಿ ಇದು ತುಂಬಂಗಿಲ್ಲ, ಅದಕ್ಕ ವೇ (ಹಾಲಿನ ಪ್ರೋಟೀನ್) ಪೌಡರ್ ಒಂದೆರಡು ಚಮಚ ಕೂಡಿಸಬೇಕಾಗ್ತದ. ತಾಟಿನಾಗ ಮೊದಲು ಗಟ್ಟಿ ಬ್ಯಾಳಿ, ತತ್ತಿ, ಆಮ್ಯಾಲ ಪಲ್ಯ, ಕಡೀಕ ರೊಟ್ಟಿ. ಶೇಂಗಾದಾಗ ಎಣ್ಣಿ ಭಾಳ, ಹಿಂಡಿ ಅಂತ ಮುಷ್ಟಿಗಟ್ಟಲೆ ಬ್ಯಾಡ.
ರಕ್ತ ಪರೀಕ್ಷಾ: ಹಿಮೋಗ್ಲೋಬಿನ್, ಫೆರಿಟಿನ್ (ಮೈಯಾಗ ಕೂಡಿಟ್ಟ ಕಬ್ಬಿಣದ ಲೆಕ್ಕ), ಬಿ12, ವಿಟಮಿನ್ ಡಿ, ಆಲ್ಬುಮಿನ್ (ರಕ್ತದಾಗಿನ ಪ್ರೋಟೀನ್), ಎಚ್‌ಬಿಎ1ಸಿ (ಮೂರು ತಿಂಗಳ ಶುಗರ್ ಸರಾಸರಿ). ಆಲ್ಬುಮಿನ್ 3.5ಕ್ಕಿಂತ ಕೆಳಗಿದ್ರ ತಾರೀಖು ಮುಂದ ಹಾಕ್ರಿ. ಸ್ಲೀವ್ ಆದ ಹೆಣ್ಮಕ್ಕಳಿಗೆ ಕಬ್ಬಿಣ ಕಮ್ಮಿ ಇರೋದು ಸಾಮಾನ್ಯ. ಕಬ್ಬಿಣದ ಗುಳಿಗಿ ಚಹಾ ಜೊತಿ, ಹಾಲಿನ ಜೊತಿ, ಕ್ಯಾಲ್ಸಿಯಂ ಗುಳಿಗಿ ಜೊತಿ ನುಂಗಿದ್ರ ಮೈಗೆ ಹತ್ತಂಗಿಲ್ಲ, ಎರಡು ತಾಸು ಅಂತರ ಬೇಕು. ಫೆರಿಟಿನ್ ಭಾಳ ಕಮ್ಮಿ ಇದ್ರ ನಾಳದಾಗ ಕೊಡೋ ಕಬ್ಬಿಣ ಅದ, ಅದನ್ನ ಕಮ್ಮಿ ಅಂದ್ರ ತಿಂಗಳ ಮೊದಲೇ ಕೊಡಿಸ್ಕೋಬೇಕು, ಹಿಂದಿನ ವಾರ ಓಡಾಡಿದ್ರ ಉಪಯೋಗಿಲ್ಲ.

ಶಹಾಬಾದಿ ಕಲ್ಲು
ತಂಬಾಕಿನ ಮಾತು ಯಾರೂ ಎತ್ತಲಿಲ್ಲ. ಬೀಡಿ ಸಿಗರೇಟ್ ಅಷ್ಟೇ ಅಲ್ಲ. ಗುಟ್ಕಾ, ಜರ್ದಾ, ಎಲಿ ಅಡಿಕಿ ಜೊತಿ ತಂಬಾಕ, ಹಲ್ಲಿಗೆ ತಿಕ್ಕೋ ಮಿಶ್ರಿ ಎಲ್ಲಾದರಾಗೂ ನಿಕೋಟಿನ್ ಅದ. ನಿಕೋಟಿನ್ ಸಣ್ಣ ರಕ್ತನಾಳ ಕುಗ್ಗಿಸ್ತದ, ಬಿಗಿಯಾಗಿ ಎಳೆದ ತೊಗಲಿನ ಅಂಚಿಗೆ ರಕ್ತ ಮುಟ್ಟದೆ ಅದು ಕಪ್ಪಾಗ್ತದ. ಆಪರೇಷನ್ ಹಿಂದ ನಾಲ್ಕು ವಾರ, ಮುಂದ ನಾಲ್ಕು ವಾರ ಪೂರ್ತಿ ಬಂದ್. ನಿಕೋಟಿನ್ ಚೂಯಿಂಗ್ ಗಮ್ಮೂ ಬ್ಯಾಡ. ನಮ್ಮ ಕಡಿ ಹೆಣ್ಮಕ್ಕಳು ಮಿಶ್ರಿ ಹಚ್ಚೋದು ಡಾಕ್ಟರ್ ಮುಂದ ಹೇಳಂಗಿಲ್ಲ, ಅದಕ್ಕ ಬರೆದೆ. ಮೂತ್ರದಾಗ ಕೋಟಿನಿನ್ (ನಿಕೋಟಿನ್ ಮೈಯಾಗ ಕರಗಿ ಆಗೋದು) ಪರೀಕ್ಷಾ ಮಾಡಿದ್ರ ಗೊತ್ತಾಗ್ತದ.

ಬೀದರ್ ಕೋಟೆ
ಔಷಧಗಳದ್ದೂ ಸೇರಿಸುತ್ತೇನೆ. ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸುತ್ತದೆ; ಮೀನೆಣ್ಣೆ, ವಿಟಮಿನ್ ಇ ಕೂಡ ಹೆಚ್ಚಿಸಬಹುದು. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು ಹೃದಯದ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಗರ್ಭನಿರೋಧಕ ಮಾತ್ರೆ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುತ್ತದೆ, ನಾಲ್ಕು ವಾರ ಮೊದಲು ಬೇರೆ ವಿಧಾನಕ್ಕೆ ಬದಲಾಗುವುದು ರೂಢಿ. ಸಕ್ಕರೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇದ್ದರೆ ಮೂರು ದಿನ ಮೊದಲು ನಿಲ್ಲಿಸಬೇಕು, ಇಲ್ಲದಿದ್ದರೆ ಸಕ್ಕರೆ ಸರಿಯಿದ್ದರೂ ರಕ್ತ ಆಮ್ಲವಾಗಬಹುದು. ತೂಕ ಇಳಿಸಲು ವಾರಕ್ಕೊಂದು ಸೆಮಾಗ್ಲುಟೈಡ್ ಚುಚ್ಚಿಕೊಳ್ಳುವವರು ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಉಪವಾಸವಿದ್ದರೂ ಹೊಟ್ಟೆಯಲ್ಲಿ ಅನ್ನ ಉಳಿದು, ಮೈಮರೆತಾಗ ಶ್ವಾಸಕೋಶಕ್ಕೆ ಹೋಗುವ ಭಯ ಇದೆ.

ಗಜ್ಜುಗ
ಅಲ್ಲೀತನ ಸಂದಿ ಉರಿಗೆ ಏನು ಮಾಡಬೇಕು? ಮೆಡಿಕಲ್‌ನ್ಯಾಗ 60-70 ರೂಪಾಯಿಗೆ ಕ್ರೀಮ್ ಸಿಗ್ತದ, ಎರಡು ದಿನಕ್ಕ ತುರಿಕಿ ನಿಲ್ತದ.

ಹೊಲಿಗಿ ಕೋಣಿ
ಅದೇ ಕ್ರೀಮಿನ ಮ್ಯಾಲ ನಮಗ ಸಿಟ್ಟು ಅದ. ಅದರಾಗ ಫಂಗಸ್ ಔಷಧ, ಆಂಟಿಬಯೋಟಿಕ್, ಗಟ್ಟಿ ಸ್ಟೀರಾಯ್ಡ್ ಮೂರೂ ಕಲೆಸಿರ್ತಾರ. ಸ್ಟೀರಾಯ್ಡ್ ತುರಿಕಿ ನಿಲ್ಲಿಸ್ತದ, ಫಂಗಸ್ ಒಳಗೊಳಗ ಹಬ್ಬತದ. ತಿಂಗಳುಗಟ್ಟಲೆ ಹಚ್ಚಿದ್ರ ತೊಗಲು ಕಾಗದದಂಗ ತೆಳ್ಳಗಾಗಿ ಬಿರಿ ಬೀಳ್ತದ, ನಾಳೆ ಅದೇ ತೊಗಲಿಗೆ ಹೊಲಿಗಿ ಹಾಕಬೇಕು. ಚರ್ಮದ ಡಾಕ್ಟರ್ ಕಡಿ ತೋರಿಸಿ ಬರೇ ಕ್ಲೋಟ್ರಿಮಜೋಲ್‌ದಂಥದ್ದು ಬರಿಸ್ಕೊಳ್ರಿ. ದಿನಕ್ಕ ಎರಡು ಸಲ ತೊಳೆದು, ತಿಕ್ಕದೆ ಒತ್ತಿ ಒರೆಸಿ, ಫ್ಯಾನಿನ ಗಾಳಿಗೆ ಪೂರ್ತಿ ಒಣಗಿಸಿ, ಮಡಿಕಿ ನಡುವ ಹಳೇ ಹತ್ತಿ ಧೋತರದ ಪಟ್ಟಿ ಇಟ್ಟು ಎರಡೆರಡು ತಾಸಿಗೆ ಬದಲಿಸ್ರಿ. ಪೌಡರ್ ಬೆವರಿಗೆ ಮುದ್ದಿ ಆಗ್ತದ, ಬ್ಯಾಡ. ಆಪರೇಷನ್ ದಿನ ಆ ಜಾಗಾ ಹಸಿ ಇರಬಾರದು, ಹಸಿ ಇದ್ರ ವಾಪಸ್ ಕಳಿಸ್ತಾರ, ಕಳಿಸಬೇಕು.
ಡಾಕ್ಟರ್ ಕಡಿ ಹೋದಾಗೆಲ್ಲಾ ಚೀಟಿ, ಫೋಟೋ ಕೂಡಿಡ್ರಿ, ತಾರೀಖು ಸಮೇತ. ಯಾಕಂತ ವಿಮಾ ಗೊತ್ತಿದ್ದವರು ಹೇಳ್ತಾರ.

ಲೆಕ್ಕದ ಖಾತಿ
ನಾ ಹೇಳ್ತೀನಿ. ಆರೋಗ್ಯ ವಿಮಾ ಪಾಲಿಸಿ ಒಳಗ ಎಲ್ಲಾ ಕಂಪನಿಗೂ ಒಂದೇ ಥರದ ಹೊರಗಿಟ್ಟ ಪಟ್ಟಿ ಇರ್ತದ. ಅದರಾಗ ಎಕ್ಸ್‌ಕ್ಲೂಷನ್ 08 ಕಾಸ್ಮೆಟಿಕ್ ಮತ್ತ ಪ್ಲಾಸ್ಟಿಕ್ ಸರ್ಜರಿದು. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದ ಮ್ಯಾಲಿನ ಪುನರ್ರಚನಾ ಬಿಟ್ರ, ಆರೋಗ್ಯಕ್ಕ ನೇರ ಮತ್ತ ತಕ್ಷಣದ ಅಪಾಯ ತೆಗೆಯೋ ಚಿಕಿತ್ಸಾ ಆದ್ರ ಮಾತ್ರ ಕೊಡ್ತಾರ, ಅದಕ್ಕ ಡಾಕ್ಟರ್ ಸರ್ಟಿಫಿಕೇಟ್ ಬೇಕು. ಅಂದ್ರ ಬರೇ ಜೋತುಬಿದ್ದದ ಅಂತ ಬರೆದ್ರ ಹೋತು. ಸಂದ್ಯಾಗ ಪದೇ ಪದೇ ಹುಣ್ಣು, ತಿಂಗಳುಗಟ್ಟಲೆ ಔಷಧ ಹಚ್ಚಿದ್ರೂ ವಾಸಿ ಆಗಿಲ್ಲ, ನಡೀಲಾಕ ತ್ರಾಸು, ಈ ದಾಖಲಿ ಇದ್ರ ಪ್ಯಾನಿಕ್ಯುಲೆಕ್ಟಮಿಗೆ ಕೇಳಾಕ ಜಾಗಾ ಅದ. ರಟ್ಟಿಗೆ ಆಸೆ ಬ್ಯಾಡ. ದಾಖಲ್ ಆಗೋ ಮೊದಲೇ ಪೂರ್ವ ಒಪ್ಪಿಗಿ ಬರವಣಿಗಿಯಾಗ ತಗೊಳ್ರಿ.
ಇನ್ನೊಂದು ಯಾರೂ ನೋಡಂಗಿಲ್ಲ. ಸಾಮಾನ್ಯ ಚಿಕಿತ್ಸಾಕ್ಕ ಜಿಎಸ್‌ಟಿ ಇಲ್ಲ, ಕಾಸ್ಮೆಟಿಕ್ ಅಂದ್ರ 18%. ಎರಡು ಲಕ್ಷದ ಅಂದಾಜಿಗೆ 36,000 ಕೂಡ್ತದ. ಕೊಟ್ಟ ದರ ತೆರಿಗಿ ಸೇರಿಯೋ ಬಿಟ್ಟೋ, ಅರಿವಳಿಕೆ, ಓಟಿ (ಆಪರೇಷನ್ ಕೋಣಿ), ಗಾರ್ಮೆಂಟ್ (ಆಮ್ಯಾಲ ಹಾಕೋ ಬಿಗಿ ಉಡುಪು), ತೆಗೆದ ತೊಗಲಿನ ಚೂರು ಪರೀಕ್ಷಾಕ್ಕ ಕಳಿಸೋದು ಸೇರಿಯೋ ಬಿಟ್ಟೋ ಕೇಳ್ರಿ. ಹೊಲಿಗಿ ಬಿಚ್ಚಿ ಮತ್ತ ಓಟಿಗೆ ಹೋದ್ರ ಖರ್ಚು ಯಾರದು ಅನ್ನೋದೂ ಕೇಳ್ರಿ.

ಶಹಾಬಾದಿ ಕಲ್ಲು
ಸರ್ಜನ್ ಎಂ.ಸಿಎಚ್. ಇಲ್ಲಾ ಡಿಎನ್‌ಬಿ ಪ್ಲಾಸ್ಟಿಕ್ ಸರ್ಜರಿ ಪದವಿ ಇದ್ದವರಿರಬೇಕು. ಬೋರ್ಡಿನ ಮ್ಯಾಲ ಕಾಸ್ಮೆಟಾಲಜಿ ಅಂತ ಬರೆದ್ರ ಅದು ಈ ಕೆಲಸದ ಪದವಿ ಅಲ್ಲ. ನೋಂದಣಿ ನಂಬರ್ ಕೇಳಿ ವೈದ್ಯಕೀಯ ಕೌನ್ಸಿಲ್ ಪಟ್ಟಿಯಾಗ ತಾಳೆ ನೋಡ್ರಿ. ರಾತ್ರಿ ರಕ್ತ ತುಂಬಿದ್ರ ಅರ್ಧ ತಾಸಿನಾಗ ಓಟಿ ತೆರೆಯೋ ದವಾಖಾನಿ ಇರಬೇಕು, ಐಸಿಯು ಇರಬೇಕು.

ಭೀಮಾ ದಂಡೆ, ಯಾದಗಿರಿ
ಈ ಭಾಗದ ಮಂದಿ ಭಾಳಷ್ಟು ಹೈದರಾಬಾದ್, ಸೊಲ್ಲಾಪುರ, ಬೆಂಗಳೂರಿಗೆ ಹೋಗ್ತಾರ. ಎಷ್ಟನೇ ದಿನಕ್ಕ ವಾಪಸ್ ಬರಬಹುದು?

ಹೊಲಿಗಿ ಕೋಣಿ
ಡ್ರೈನ್ ತೆಗೆಯೋ ತನಕ ಅದೇ ಊರಾಗ ಇರೋದು ಒಳ್ಳೇದು, ಹತ್ತರಿಂದ 14 ದಿನ. ಹೈದರಾಬಾದ್ ನಾಲ್ಕೈದು ತಾಸಿನ ದಾರಿ, ತಾಸಿಗೊಮ್ಮೆ ಗಾಡಿ ನಿಲ್ಲಿಸಿ ನಡೀಬೇಕು. ಬೆಂಗಳೂರಿನಿಂದ ರಾತ್ರಿ ರೈಲು ಅಂದ್ರ ಕೆಳಗಿನ ಬರ್ತ್, ಎದ್ದೆದ್ದು ಬೋಗಿಯಾಗ ಅಡ್ಡಾಡಬೇಕು. ಕುಂತಲ್ಲೇ ಕುಂತ್ರ ಮೀನಖಂಡದಾಗ ಹೆಪ್ಪುಗಟ್ಟತದ, ಅದು ಪುಪ್ಪುಸಕ್ಕ ಹೋದ್ರ ಜೀವಕ್ಕ ಬರ್ತದ. ಅದಕ್ಕೇ ಅಪಾಯದ ಅಂಕ ಎಣಿಸಿ ಹೆಪ್ಪುಗಟ್ಟದಂಗ ತಡೆಯೋ ಎನಾಕ್ಸಾಪಾರಿನ್ ಸೂಜಿ ಕೊಡ್ತಾರ, ಸಾಮಾನ್ಯವಾಗಿ ದಿನಕ್ಕೊಂದು 40 ಮಿ.ಗ್ರಾಂ. ಡಿಸ್ಚಾರ್ಜ್ ಆದ ಮ್ಯಾಲ ಎಷ್ಟು ದಿನ ಅಂತ ಕೇಳಿ ಬರಿಸ್ಕೊಳ್ರಿ.
ಡ್ರೈನ್ ಲೆಕ್ಕ ಹಿಂಗ. ಒಂದೊಂದು ನಳಿಗಿಗೆ ನಂಬರ್ ಹಾಕಿ, ದಿನಾ ಒಂದೇ ಹೊತ್ತಿಗೆ ಅಳೆದು ವಹಿಯಾಗ ಬರೀರಿ, ಎಷ್ಟು ಮಿ.ಲೀ., ಯಾವ ಬಣ್ಣ. ಖಾಲಿ ಮಾಡಿದ ಮ್ಯಾಲ ನಳಿಗಿ ತುದಿಯ ಬಲ್ಬ್ ಪೂರ್ತಿ ಹಿಚುಕಿ ಮುಚ್ಚಳ ಹಾಕಬೇಕು, ಹಿಚುಕದೆ ಮುಚ್ಚಿದ್ರ ಎಳೆಯೋ ಬಲ ಹೋಗಿ ಒಳಗೇ ನಿಲ್ತದ. 24 ತಾಸಿಗೆ 30 ಮಿ.ಲೀ. ಒಳಗ ಎರಡು ದಿನ ಬಂದ್ರ ತೆಗೀತಾರ. ಬ್ಯಾಸರಾಗಿ ಮೊದಲೇ ತೆಗೆಸಿದ್ರ ಗಾಯದ ನೀರು (ಸೀರಂ) ತುಂಬಿ, ಹೊಟ್ಟಿ ಮ್ಯಾಲ ಬೆರಳು ಬಡದ್ರ ನೀರಿನ ಚೀಲದಂಗ ಅಲುಗ್ತದ, ಆಗ ವಾರಕ್ಕೊಮ್ಮೆ ಸಿರಿಂಜ್‌ನಿಂದ ಎಳೀಬೇಕಾಗ್ತದ. ಕೆಲವು ಸರ್ಜನ್ ತೊಗಲನ್ನ ಒಳಗಿನ ಗೋಡಿಗೆ ಅಲ್ಲಲ್ಲಿ ಹೊಲಿದು ಖಾಲಿ ಜಾಗಾ ಕಮ್ಮಿ ಮಾಡ್ತಾರ, ಅದು ಛಲೋ ಉಪಾಯ.
ತಡಮಾಡಬಾರದ್ದು: ಡ್ರೈನ್ ಒಮ್ಮೆಲೆ ಕೆಂಪು ರಕ್ತ ಆದ್ರ, ಒಂದು ಮಗ್ಗಲು ಉಬ್ಬಿ ಬಿಗಿ ಆದ್ರ, ಒಂದೇ ಕಾಲು ಬಾತ್ರ, ಒಮ್ಮೆಲೆ ದಮ್ಮು ಬಂದ್ರ ಮುಂಜಾನಿ ತನಕ ಕಾಯಬ್ಯಾಡ್ರಿ, 108ಕ್ಕ ಫೋನ್ ಹಚ್ಚರಿ.

ಅಪ್ಪನಕೆರಿ ದಂಡಿ
ಮಲಗೋದು, ಕೂಡೋದು ಹೆಂಗ್ರಿ? ಮನಿಯಾಗ ಭಾರತೀಯ ಪಾಯಖಾನಿ ಅದ.

ಮಹಾಗಾಂವ್ ಕ್ರಾಸ್
ಬೆನ್ನ ಹಿಂದ ಎರಡು ಮೂರು ದಿಂಬು, ಮೊಣಕಾಲ ಕೆಳಗ ಒಂದು, ಆರಾಮ ಕುರ್ಚಿಯಾಗ ಒರಗಿದಂಗ. ನೆಟ್ಟಗ ಚಾಚಿ ಮಲಗಿದ್ರ ಹೊಲಿಗಿ ಜಗ್ಗತದ. ಒಂದೆರಡು ವಾರ ಸ್ವಲ್ಪ ಬಾಗಿ ನಡೀಬೇಕು. ಹಾಸಿಗಿಯಿಂದ ಏಳುವಾಗ ಮಗ್ಗಲಾಗಿ ಕೈ ಊರಿ ಏಳ್ರಿ. ಪಾಯಖಾನಿಗೆ ಕಮೋಡ್ ಕುರ್ಚಿ ಮೊದಲೇ ತಂದಿಡ್ರಿ, ಕುಕ್ಕರಗಾಲಿಲೆ ಕೂಡೋದು ಆರು ವಾರ ಬ್ಯಾಡ. ಮಲಬದ್ಧತಿ ಆಗಬಾರದು, ಮುಕ್ಕಿದ್ರ ಹೊಲಿದ ಸ್ನಾಯುವಿಗೆ ಪೆಟ್ಟು.
ಭಾರ ನಾಲ್ಕೈದು ಕೆಜಿ ದಾಟಬಾರದು. ತುಂಬಿದ ಕೊಡ ಹತ್ತು ಹದಿನೈದು ಕೆಜಿ ಇರ್ತದ, ನಳದ ದಿನ ಮರೀಬ್ಯಾಡ್ರಿ. ರಟ್ಟಿದು ಆದವರು ಆರು ವಾರ ರೊಟ್ಟಿ ಬಡೀಬಾರದು, ಒಂದೇ ಸಮ ಬಡಿಯೋದ್ರಿಂದ ಬಾವು ಇಳಿಯಂಗಿಲ್ಲ, ಬಗಲಿನ ಹೊಲಿಗಿ ಬಿಚ್ಚತದ.

ತೊಗರಿ ಕಣಜ
ಬಿಗಿ ಗಾರ್ಮೆಂಟ್ ಆರು ವಾರ, ಮೈ ತೊಳೆಯೋ ಹೊತ್ತು ಬಿಟ್ಟು ದಿನಾ ಪೂರ್ತಿ. ಎರಡು ಜೊತಿ ಬೇಕು. ಒಳಗ ತೆಳ್ಳನ ಹತ್ತಿ ಬನಿಯನ್, ಮಡಿಕಿ ಬೀಳದಂಗ. 42 ಡಿಗ್ರಿ ಬಿಸಲಾಗ ಇದು ಸಾಧ್ಯ ಇಲ್ಲ, ಅದಕ್ಕ ನಮ್ಮ ಕಡಿ ಬ್ಯಾಸಗಿ ಬಿಟ್ಟು ಚಳಿಗಾಲ ಹಿಡೀರಿ.

ನೂಲಿನ ಸೀರಿ
ಸೀರಿ ಉಡೋರಿಗೆ ಒಂದು ಮಾತು. ಹಿಂದಿನ ದಿನ ನಿಲ್ಲಿಸಿ ಪೆನ್ನಿನ ಗೆರಿ ಹಾಕ್ತಾರ. ದಿನಾ ಉಡೋ ಪರಕಾರ ಒಯ್ದು, ಲಾಡಿ ಎಲ್ಲಿ ಕಟ್ತೀರಿ ತೋರಿಸ್ರಿ. ಲಾಡಿ ಸರಿಯಾಗಿ ಗಾಯದ ಮ್ಯಾಲ ಕೂತ್ರ ದಿನಾ ತಿಕ್ಕಿ ಗಾಯ ದಪ್ಪಗಾಗಿ ಕಪ್ಪಾಗ್ತದ. ಸುತ್ತಲಿನ ಬೆಲ್ಟ್ ಥರದ್ದು ಮಾಡಿಸೋರಿಗೆ ಇದು ಹೆಚ್ಚು. ಆಪರೇಷನ್ ಆದ ಮ್ಯಾಲ ಮೂರು ತಿಂಗಳು ಲಾಡಿ ಬದಲು ಅಗಲ ಇಲಾಸ್ಟಿಕ್ ಪಟ್ಟಿ ಹೊಲಿಸ್ಕೊಳ್ರಿ.
ಗಾಯ ಪೂರ್ತಿ ಕೂಡಿದ ಮ್ಯಾಲ, ಮೂರನೇ ವಾರದ ಸುಮಾರು, ಸಿಲಿಕೋನ್ ಪಟ್ಟಿ ಇಲ್ಲಾ ಜೆಲ್ ಮೂರು ತಿಂಗಳು. ನಮ್ಮ ಮೈಬಣ್ಣಕ್ಕ ಗಾಯ ಮೊದಲು ಕಪ್ಪಾಗೇ ಆಗ್ತದ. ವರ್ಷ, ಒಂದೂವರೆ ವರ್ಷಕ್ಕ ತಿಳಿ ಆಗ್ತದ, ಅಳಿಸಿ ಹೋಗಂಗಿಲ್ಲ. ಕಿವಿ ಚುಚ್ಚಿದಲ್ಲಿ ಗಂಟು ಬೆಳೆದಿದ್ರ ಮೊದಲೇ ಹೇಳ್ರಿ, ಈ ಗಾಯಾನೂ ಹಂಗೇ ಉಬ್ಬಬಹುದು. ಕೆಳಹೊಟ್ಟಿ ತಿಂಗಳುಗಟ್ಟಲೆ ಜೋಮು ಇರ್ತದ, ಬಿಸಿನೀರಿನ ಚೀಲ ಇಡಬ್ಯಾಡ್ರಿ, ಸುಟ್ರೂ ಗೊತ್ತಾಗಂಗಿಲ್ಲ.

ಅಪ್ಪನಕೆರಿ ದಂಡಿ
ಎಲ್ಲಾ ಬರ್ಕೊಂಡೆ. ಪ್ಯಾಕೇಜ್ ಮಾತು ಬಿಟ್ಟೆ. ಇನ್ನ ಮೂರು ತಿಂಗಳು ತೂಕ ನೋಡೋದು, ಈಗ್ಲೇ ರಕ್ತ ಪರೀಕ್ಷಾ, ಚರ್ಮದ ಡಾಕ್ಟರ್. ದೀಪಾವಳಿ ಆದ ಮ್ಯಾಲ ಸರ್ಜನ್ ಭೆಟ್ಟಿ, ಡಿಸೆಂಬರ್ ನಡುವ ಹೊಟ್ಟಿ ಅಷ್ಟೇ. ಸರಿ ಅದ ಏನ್ರಿ?

ಹೊಲಿಗಿ ಕೋಣಿ
ಒಂದೇ ತಿದ್ದುಪಡಿ. ಡಿಸೆಂಬರ್ ನಡುವ ಹಿಡಿದ್ರ ಎಳ್ಳಮಾಸಿ ಹಬ್ಬ ನಡುವ ಬರ್ತದ. ಭಜ್ಜಿ, ಸಜ್ಜಿ ರೊಟ್ಟಿ, ಹೊಲಕ್ಕ ಬುಟ್ಟಿ ಹೊರೋದು, ಮನಿತುಂಬ ಮಂದಿ, ಮಲಗಿರು ಅಂದ್ರೂ ಹೆಣ್ಮಕ್ಕಳು ಮಲಗಂಗಿಲ್ಲ. ಚರಗ ಚೆಲ್ಲಿ ಮುಗಿಸಿ, ಮಾರನೇ ವಾರದ ತಾರೀಖು ಹಿಡೀರಿ. ಬಿಸಲು ಏರೋದ್ರೊಳಗ ಆರು ವಾರ ಮುಗೀತಾವ.